ಎರಡನೆಯ ನಾಡಿ

ನರ್ಸ್ ಬಾಗಿಲು ತಟ್ಟಿದಾಗ ಅತ್ತಿಗೆ ಕನ್ನಡಕ ಹುಡುಕುತ್ತಿದ್ದರು. ಅದು ಅವರ ತಲೆಯ ಮೇಲೇ ಇತ್ತು. ಅಣ್ಣ ತೀರಿಕೊಂಡ ಮೇಲೆ ಆ ಮನೆಯಲ್ಲಿ ಉಳಿದವರು ನಾವಿಬ್ಬರೇ, ಅತ್ತಿಗೆ ಮತ್ತು ನಾದಿನಿ. ಎಷ್ಟೋ ದಿನ ಸಂಜೆಯವರೆಗೂ ನಮ್ಮ ನಡುವೆ ನಾಲ್ಕು ಮಾತಾಗುತ್ತಿರಲಿಲ್ಲ. ಹಾಗಾಗಿ ಯಾರಾದರೂ ಕಷ್ಟ ಹೊತ್ತು ಬಂದರೆ ನನಗೆ ಒಳಗೊಳಗೇ ಸಮಾಧಾನ. ಅತ್ತಿಗೆ ನರಗಳ ಪ್ರಯೋಗಾಲಯದಲ್ಲಿ ಜೀವಮಾನ ಕಳೆದವರು. ಯಂತ್ರ ಬರೆದ ಗೆರೆಯಲ್ಲಿ ನರದ್ದು ಯಾವುದು, ಹೊರಗಿನ ಗದ್ದಲ ಯಾವುದು ಎಂದು ಬೇರ್ಪಡಿಸುವುದರಲ್ಲಿ ಅವರದು ಎತ್ತಿದ ಕೈ. ನಿವೃತ್ತರಾದ ಮೇಲೂ ಆಸ್ಪತ್ರೆಗಳ ತಕರಾರುಗಳು ಅವರನ್ನು ಹುಡುಕಿಕೊಂಡು ಬರುತ್ತಿದ್ದವು.

ನರ್ಸ್ ಕುರ್ಚಿಯ ತುದಿಯಲ್ಲಿ ಕೂತು ಹೇಳಿದ್ದಿಷ್ಟು. ಅವಳ ವಾರ್ಡಿನಲ್ಲಿ ಈಜು ಕಲಿಸುತ್ತಿದ್ದ ಹೆಂಗಸೊಬ್ಬಳು ಅಪಘಾತವಾದಾಗಿನಿಂದ ಕಣ್ಣು ತೆರೆಯದೆ, ಬೆರಳೂ ಆಡಿಸದೆ ಮಲಗಿದ್ದಳು. ಒಳಗೆ ಅರಿವಿದೆಯೇ ಎಂದು ತಿಳಿಯಲು ಡಾಕ್ಟರು ಅವಳ ಕಾಲಿನ ನರಕ್ಕೆ ಕೂದಲಿನಂಥ ಸೂಜಿ ಇಳಿಸಿ, ಪಕ್ಕದಲ್ಲೊಂದು ತಂತಿ ಜೋಡಿಸಿದ ಅಂಟುಪಟ್ಟಿ ಹಚ್ಚಿ, ಎರಡನ್ನೂ ಯಂತ್ರಕ್ಕೆ ಸೇರಿಸಿ, ಕಾಲು ಆಡಿಸಬೇಕೆಂದು ಮನಸ್ಸಿನಲ್ಲೇ ಅಂದುಕೊಳ್ಳುವಂತೆ ಮತ್ತೆ ಮತ್ತೆ ಹೇಳಿದ್ದರು. ಹೇಳಿದಾಗಲೆಲ್ಲ ಗೆರೆ ಮೇಲೆದ್ದಿತು. ವಾರ್ಡೆಲ್ಲ ಸಂಭ್ರಮಪಟ್ಟಿತು. ಆದರೆ ಮನೆಯವರನ್ನು ಹೊರಗೆ ಕೂರಿಸಿ ಇನ್ನೊಮ್ಮೆ ಪರೀಕ್ಷಿಸಿದಾಗ ಗೆರೆ ಏಳಲೇ ಇಲ್ಲ. ಮೊದಲ ಸಲ ಯಾರೋ ತಂತಿ ಅಲ್ಲಾಡಿಸಿದ್ದಾರೆ ಎಂದಾಯಿತು. ಯಂತ್ರದ ಪಕ್ಕ ನಿಂತಿದ್ದವಳು ಈ ನರ್ಸ್, ಹಾಗಾಗಿ ದೂರು ಅವಳ ಮೇಲೆ ಬಂತು. ಅರಿವಿಲ್ಲವೆಂದಾದರೆ ಚಿಕಿತ್ಸೆ ನಿಲ್ಲಿಸಿ, ರೋಗಿಯನ್ನು ಊರಾಚೆಯ ಆರೈಕೆ ಕೇಂದ್ರಕ್ಕೆ ಕಳಿಸುವುದೆಂದು ಮೊದಲೇ ಮಾತಾಗಿತ್ತು.

"ನಾನು ಮುಟ್ಟಿಲ್ಲ ಅಮ್ಮ," ಎಂದಳು. "ಕೆಲಸ ಹೋದ್ರೆ ಹೋಗ್ಲಿ. ರೋಗಿಗೆ ಮೋಸ ಮಾಡಿದೋಳು ಅನ್ನೋ ಹೆಸರು ಹೊತ್ಕೊಂಡು ಎಲ್ಲಿಗೆ ಹೋಗ್ಲಿ?"

ನಾವು ವಾರ್ಡಿಗೆ ಹೋದೆವು. ಒಂದೇ ಮಂಚದ ಆ ಕೋಣೆಯಲ್ಲಿ ರೋಗಿಯ ಮನೆಯವರು ದಿಕ್ಕಿಗೊಬ್ಬರಂತೆ ನಿಂತಿದ್ದರು. ನಕ್ಷೆ ಬರೆಯುವ ಕೆಲಸದ ಗಂಡ ಕಿಟಕಿಯ ಕಡೆ ಮುಖ ಮಾಡಿದ್ದ. ಅವನ ತಾಯಿ, ಅಂದರೆ ರೋಗಿಯ ಅತ್ತೆ, ಹೊದಿಕೆಯ ಸುಕ್ಕು ಬಿಡಿಸುತ್ತ ಎಲ್ಲರ ಮೇಲೂ ಸಿಡುಕುತ್ತಿದ್ದರು. ಮೊದಲ ಪರೀಕ್ಷೆಯ ದಿನ ಡಾಕ್ಟರು ತಲೆಯ ಬಳಿ ಇದ್ದರು, ತಾಯಿ ಮಗ ಕಾಲಿನ ಅಕ್ಕಪಕ್ಕ ಕೂತಿದ್ದರು. ನರ್ಸಿನ ಬಗ್ಗೆ ಅತ್ತಿಗೆ ಕೇಳಿದಾಗ ಮುದುಕಿ ಮೂಗು ಮುರಿದರು. "ಅವಳಿಗೆ ಏನು ಬರುತ್ತೆ? ನನ್ನ ನಾಡಿ ನೋಡೋಕೇ ಎರಡೆರಡು ಸಲ ಎಣಿಸ್ತಾಳೆ."

ನನಗೆ ಗಂಡನ ಮೇಲೆಯೇ ಅನುಮಾನ. ಹೆಂಡತಿಯನ್ನು ಬಿಟ್ಟುಕೊಡಲಾರದೆ ಅವನೇ ಮಾಡಿರಬೇಕು ಎಂದು ದಾರಿಯಲ್ಲಿ ಹೇಳಿದೆ. ಅತ್ತಿಗೆ ಮೊದಲ ಪರೀಕ್ಷೆಯ ದಾಖಲೆಗಳನ್ನು ಡಾಕ್ಟರಿಂದ ಕೇಳಿ ತಂದಿದ್ದರು. ಮನೆಗೆ ಬಂದು ಆ ದಿನದ ಗೆರೆಗಳ ಹಾಳೆಯನ್ನು ಊಟದ ಮೇಜಿನ ಮೇಲೆ ಹಾಸಿ ಕೂತರು. ಯಂತ್ರ ಕೋಣೆಯ ಸದ್ದನ್ನೂ ಹಿಡಿದಿಟ್ಟಿತ್ತು. ಅದನ್ನೂ ಕಿವಿಗೆ ಹಚ್ಚಿಕೊಂಡು ಕೇಳಿದರು.

ಮರುದಿನ ಮಧ್ಯಾಹ್ನ ಎಲ್ಲರನ್ನೂ ಅದೇ ಕೋಣೆಗೆ ಕರೆಸಿ, ರೋಗಿಗೆ ಮತ್ತೆ ಸೂಜಿ ಹಾಕಿಸಿ, ಅತ್ತಿಗೆ ಹಾಳೆ ಬಿಡಿಸಿದರು. ನರದ ಮಿಡಿತ ಸೂಜಿಮೊನೆಯಂತೆ ಎದ್ದ ಕ್ಷಣವೇ ಬೀಳುತ್ತದೆ, ಇಲ್ಲಿರುವುದು ದಿಬ್ಬದಂತೆ ನಿಧಾನವಾಗಿ ಏರಿ ಇಳಿದಿದೆ, ಹಾಗಾಗಿ ಇದು ಏನನ್ನೋ ಒತ್ತಿದ್ದರ ಗುರುತು ಎಂದರು. ಡಾಕ್ಟರು ತಲೆ ತಗ್ಗಿಸಿದರು. ನನಗೆ ಬೇಕಾದದ್ದು ಕಂಡಕೂಡಲೇ ನೋಡುವುದನ್ನು ನಿಲ್ಲಿಸಿಬಿಟ್ಟೆ ಎಂದು ಒಪ್ಪಿಕೊಂಡರು.

ರೋಗಿಯ ಎದೆಬಡಿತ ಅಳೆಯುವ ಎದೆಯ ತಂತಿಯೂ ಕಾಲಿನ ತಂತಿಯೂ ಒಂದೇ ಕಟ್ಟಾಗಿ ಯಂತ್ರಕ್ಕೆ ಬರುತ್ತಿದ್ದವು. ನರ್ಸ್ ನಿಂತ ಕಡೆ ಅಲ್ಲಾಡಿಸಿದ್ದರೆ ಎರಡು ಗೆರೆಗಳೂ ಕುಣಿಯಬೇಕಿತ್ತು. ಎದೆಯ ಗೆರೆ ತಣ್ಣಗಿತ್ತು. ಅಂದರೆ ಕಾಲಿನ ಅಂಟುಪಟ್ಟಿಯನ್ನೇ ಯಾರೋ ಹೊದಿಕೆಯ ಕೆಳಗೆ ಒತ್ತಿದ್ದರು. ನರ್ಸ್ ಉಸಿರು ಬಿಟ್ಟಳು. ಉಳಿದವರು ತಾಯಿ, ಮಗ.

"ಪ್ರತಿ ದಿಬ್ಬದ ಮೇಲೂ ಸಣ್ಣ ಅಲೆಗಳಿವೆ," ಎಂದರು ಅತ್ತಿಗೆ. "ಒತ್ತಿದ ಹೆಬ್ಬೆರಳಿನ ನಾಡಿ ಅದು. ರೋಗಿಯ ಎದೆಬಡಿತಕ್ಕೆ ಹೊಂದಲ್ಲ. ಮೇಲಾಗಿ ಅಲ್ಲಲ್ಲಿ ಒಂದೊಂದು ಬಡಿತ ತಪ್ಪಿದೆ. ಇಂಥ ನಾಡೀನ ಎಂಥ ನರ್ಸಾದ್ರೂ ಎರಡು ಸಲ ಎಣಿಸ್ತಾಳೆ."

ಮಗ ತಾಯಿಯತ್ತ ತಿರುಗಿದ. ಮುದುಕಿ ಹೊದಿಕೆಯಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಆ ಮನೇಲಿ ನನ್ನ ಜೊತೆ ಜಗಳ ಆಡೋಕಾದ್ರೂ ಇದ್ದೋಳು ಇವಳೊಬ್ಬಳೇ," ಎಂದರು. "ಇವನು ಉಣ್ತಾನೆ, ತಟ್ಟೆ ಇಡ್ತಾನೆ, ಹೋಗ್ತಾನೆ. ಇವಳನ್ನ ಊರಾಚೆ ಹಾಕಿಬಿಟ್ರೆ ಬಸ್ಸು ಹತ್ತಿ ಹೋಗಿ ನೋಡೋ ಶಕ್ತಿ ನನಗಿಲ್ಲ. ಹೊದಿಕೆ ಸರಿ ಮಾಡ್ವಾಗ ಪಟ್ಟಿಗೆ ಬೆರಳು ತಾಗಿ ಗೆರೆ ಎದ್ದಿದ್ದು ಕಂಡೆ, ಅದಕ್ಕೇ ಒತ್ತಿದೆ." ಆಮೇಲೆ ನರ್ಸಿನ ಕಡೆ ನೋಡಿ, ತಪ್ಪು ನಿನ್ನ ತಲೆಗೆ ಬರುತ್ತದೆಂದು ಗೊತ್ತಿರಲಿಲ್ಲ, ಗೊತ್ತಾದ ಮೇಲೆ ಹೇಳುವ ಧೈರ್ಯ ಬರಲಿಲ್ಲ ಎಂದರು.

ಅತ್ತಿಗೆ ಹಾಳೆ ಮಡಿಸಲಿಲ್ಲ. ದಿಬ್ಬಗಳನ್ನೆಲ್ಲ ತೆಗೆದುಹಾಕಿದ ಮೇಲೆ ಅಡಿಯಲ್ಲಿ ನಿಜವಾದ ನರದ ಮಿಡಿತಗಳು ಉಳಿದಿದ್ದವು. ಮೈ ಜುಮ್ಮೆಂದಾಗ ಚರ್ಮಕ್ಕೆ ಸುದ್ದಿ ಒಯ್ಯುವ ಎಳೆಗಳವು. ಡಾಕ್ಟರ ಮಾತಿಗೆ ಅವು ಹೆಚ್ಚಾಗಿರಲಿಲ್ಲ. ಪರೀಕ್ಷೆಗೆ ಮುಂಚೆ, ಅತ್ತೆ ಹೊದಿಕೆಯ ವಿಷಯಕ್ಕೆ ರೇಗುತ್ತಿದ್ದಾಗ ಒಮ್ಮೆಲೇ ದಟ್ಟವಾಗಿದ್ದವು. ಎರಡನೇ ಸಲ ಅತ್ತೆ ಕೋಣೆಯಲ್ಲೇ ಇರಲಿಲ್ಲ.

ಅತ್ತಿಗೆ ನರದ ಸದ್ದು ಕೇಳುವಂತೆ ಸ್ಪೀಕರ್ ಹಾಕಿ, ಎಲ್ಲರನ್ನೂ ಮಂಚದಿಂದ ದೂರ ನಿಲ್ಲಿಸಿದರು. ಡಾಕ್ಟರು ಕರೆದರು. ಏನೂ ಇಲ್ಲ. ಗಂಡ ಹೆಸರು ಹಿಡಿದು ಕರೆದ. ಏನೂ ಇಲ್ಲ. ಅವನು ಮತ್ತೆ ಕಿಟಕಿಯತ್ತ ಸರಿದ.

ಏನು ಮಾತಾಡಲಿ ಎಂದು ಅತ್ತೆ ಕೇಳಿದರು. ಮನೆಯಲ್ಲಿ ಆಡುವುದನ್ನೇ ಆಡಿ ಎಂದರು ಅತ್ತಿಗೆ.

"ಒದ್ದೆ ಟವೆಲ್ಲು ಹಾಸಿಗೆ ಮೇಲೆ ಬಿಸಾಕ್ಬೇಡ ಅಂತ ಎಷ್ಟು ಸಲ ಹೇಳ್ಬೇಕೇ ನಿನಗೆ?"

ಸ್ಪೀಕರಿನಲ್ಲಿ ತರಗೆಲೆಯ ಮೇಲೆ ಗಾಳಿ ಬೀಸಿದಂಥ ಸರಸರ ಎದ್ದಿತು. ನಿಂತಿತು. ಮುದುಕಿ ಮತ್ತೆ ಬೈದರು, ಮತ್ತೆ ಎದ್ದಿತು.

"ಇದು ಉತ್ತರ ಅಂತ ನಾನು ಹೇಳಲ್ಲ," ಎಂದರು ಅತ್ತಿಗೆ. "ನಿದ್ದೇಲೂ ನರ ಹೀಗೆ ಮಾಡಬಹುದು. ಆದ್ರೆ ಈ ದನಿ ಅಲ್ಲಿಗೆ ಮುಟ್ತಾ ಇದೆ. ಇವರನ್ನ ದೂರ ಕಳಿಸೋಕೆ ಇದು ಸಮಯ ಅಲ್ಲ."

ಡಾಕ್ಟರು ನರ್ಸಿನ ಕ್ಷಮೆ ಕೇಳಿದರು, ಸ್ಥಳಾಂತರವನ್ನು ತಡೆಹಿಡಿದರು. ನಾವು ಹೊರಡುವಾಗಲೂ ಅತ್ತೆ ಬೈಯುತ್ತಲೇ ಇದ್ದರು. ದಣಿವಾದಾಗ ಮಗನನ್ನು ಕರೆದು, ನೀನೂ ಏನಾದರೂ ಹೇಳೋ ಎಂದರು. ಅವನು ಬಂದು ಮಂಚದ ಪಕ್ಕ ಕೂತ. ಕಿಟಕಿಯ ಕಡೆ ನೋಡಿ, ಹೊರಗೆ ಬಿಸಿಲಿದೆ ಎಂದ.

ಸ್ಪೀಕರಿನಲ್ಲಿ ಏನೂ ಕೇಳಲಿಲ್ಲ. ಅವನು ಇನ್ನೊಮ್ಮೆ ಹೇಳಿದ.