ಕೊಪ್ಪದ ಬಾಡೂಟದ ಕಣ್ಕತ್ತಲೆ

ಮೊದಲು ಬಿದ್ದವನು ದೊಡ್ಡಸಿದ್ದಯ್ಯ.

ಮೂರನೇ ಮುದ್ದೆ ಮುಗಿಸಿ ಕೈ ತೊಳೆಯಲು ಎದ್ದ. "ಯಾಕ್ಲಾ, ಭೂಮಿ ತಿರುಗ್ತಾ ಅದೆ?" ಎಂದವನೇ ಹೊಸ ಟ್ರ್ಯಾಕ್ಟರಿನ ಚಕ್ರಕ್ಕೆ ಒರಗಿ ಕುಸಿದ. ಹಿಡಿಯಲು ಎದ್ದ ಇಬ್ಬರೂ ಅಲ್ಲೇ ಕೂತರು. ನೋಡನೋಡುತ್ತಲೇ ಮಾದಯ್ಯನ ಅಂಗಳದಲ್ಲಿ ಎದ್ದವರೆಲ್ಲ ಮಲಗಿದರು. ಏಳದೆ ತಿನ್ನುತ್ತಿದ್ದವರು ಮಾತ್ರ ಕ್ಷೇಮವಾಗಿದ್ದರು. ಅವರಿಗೆ ಏಳುವ ಆತುರವೂ ಇರಲಿಲ್ಲ.

ಹೊಸ ಟ್ರ್ಯಾಕ್ಟರ್ ಬಂದ ಖುಷಿಗೆ ಕೊಪ್ಪದ ಮಾದಯ್ಯ ಹಾಕಿಸಿದ ಬಾಡೂಟ ಅದು. ಎಲ್ಲರಿಗಿಂತ ಮೊದಲು ಕೂಗಿದವನೂ ಅವನೇ.

"ಮದ್ದೂರು ಮಕ್ಸೂದನ ಮಟನ್ ಕಣ್ರೋ! ಕೆಟ್ಟೋಗಿರೋದು ಕೊಟ್ಟವ್ನೆ!"

ಅಕ್ಸಾ ತಿರುಗಿ ನೋಡಿದಳು. ಮಕ್ಸೂದ್ ಅವಳ ಅಪ್ಪ. ಮಟನ್ ತಲುಪಿಸಿ, ಮಗಳ ಜೊತೆ ಕೊನೆಯ ಪಂಕ್ತಿಗೆ ಕಾಯುತ್ತಾ ನಿಂತಿದ್ದ. ಅಕ್ಸಾ ಮಂಡ್ಯದಲ್ಲಿ ನರ್ಸಿಂಗ್ ಓದುವವಳು. ಕಾಲೇಜಿನವರು ತರಬೇತಿಗೆ ಕೊಪ್ಪಕ್ಕೆ ಹಾಕಿದ್ದರಿಂದ ಮನೆಮನೆಗೆ ಹೋಗಿ ಬೀಪಿ ನೋಡುತ್ತಿದ್ದಳು. ಮಾದಯ್ಯನೂ ಅವಳ ಪೇಷೆಂಟೇ. ಬೀಪಿ, ಕೊಲೆಸ್ಟ್ರಾಲ್ ಎರಡೂ ಇದ್ದ ಆಸಾಮಿ; ಮಾತ್ರೆ ಕೊಟ್ಟರೂ ಬೀಪಿ ಇಳಿಯುತ್ತಿರಲಿಲ್ಲ.

ಆಗಲೇ ನಾಲ್ಕೈದು ಜನ ಮೊಬೈಲು ತೆಗೆದಿದ್ದರು. ಮಟನ್ ಅಂಗಡಿಯವನಿಗೆ ಹೆಸರೇ ಬಂಡವಾಳ. ಈ ಮಾತು ಮದ್ದೂರು ಮುಟ್ಟಿದರೆ ಅಂಗಡಿಗೆ ಬೀಗ ಬಿದ್ದಂತೆಯೇ. ಅಕ್ಸಾಳಿಗೆ ಅಳು ಬಂತು. ಅಳಲು ಪುರುಸೊತ್ತು ಇರಲಿಲ್ಲ.

"ಯಾರೂ ಏಳ್ಬ್ಯಾಡಿ! ಅಂಗೇ ಮಲ್ಗಿ. ಕಾಲ ಕೆಳಗೆ ಭತ್ತದ ಮೂಟೆ ಕೊಡಿ." ಅಕ್ಸಾ ಅಪ್ಪನ ಕಡೆ ತಿರುಗಿದಳು. "ಅಬ್ಬಾ, ನೂರೆಂಟಕ್ಕೆ ಫೋನ್ ಮಾಡಿ."

*

ಆಂಬುಲೆನ್ಸಿಗಿಂತ ಮೊದಲು ಪೊಲೀಸ್ ಜೀಪು ಬಂತು. ಎಸ್‌ಐ ಜಯಪ್ರಕಾಶ್ ಇಳಿದು, ಊರವರ ದೂರು ಕೇಳಿ, ಮಟನ್ ಪಾತ್ರೆಯನ್ನು ದಿಟ್ಟಿಸಿ ನೋಡಿದರು. ಆ ನೋಟದಲ್ಲಿ ತನಿಖೆ ಕಮ್ಮಿ, ಹಸಿವು ಜಾಸ್ತಿ ಇತ್ತು.

"ಮಕ್ಸೂದ್, ನೀನ್ಯಾಕೆ ತಿನ್ನಲಿಲ್ಲ?"

"ಸಾಬ್, ಕೊನೆ ಪಂಕ್ತಿಗೆ ಕಾಯ್ತಿದ್ದೆ."

"ಚೆನ್ನಾಗಿದೆ ಕಥೆ. ಜೀಪು ಹತ್ತು."

"ಸ್ವಲ್ಪ ತಡೀರಿ ಸಾರ್," ಅಕ್ಸಾ ಅಡ್ಡ ನಿಂತಳು. "ಮಟನ್ ಕೆಟ್ಟಿದ್ರೆ ವಾಂತಿ ಆಗ್ಬೇಕಿತ್ತು, ಭೇದಿ ಆಗ್ಬೇಕಿತ್ತು. ಇಲ್ಲಿ ಯಾರಾದ್ರೂ ವಾಂತಿ ಮಾಡ್ಕೊಂಡ್ರಾ?"

"ಇಷ್ಟು ರುಚಿಯಾಗಿರೋದ್ನ ಯಾವನ್ಲಾ ವಾಂತಿ ಮಾಡ್ಕತಾನೆ?" ಮಲಗಿದ್ದಲ್ಲಿಂದಲೇ ದೊಡ್ಡಸಿದ್ದಯ್ಯ ಗೊಣಗಿದ.

ಜಯಪ್ರಕಾಶ್ ಒಲೆಯ ಪಕ್ಕ ಬಗ್ಗಿದರು. ಗದ್ದೆಗೆ ಔಷಧಿ ಹೊಡೆಯುವ ಕ್ಯಾನು ಅಲ್ಲಿತ್ತು. ಅವರ ಮುಖ ಅರಳಿತು. "ಸಿಕ್ತಲ್ಲ! ವಿಷ."

ಅಕ್ಸಾ ಟಾರ್ಚು ಹಿಡಿದು ಬಿದ್ದವರ ಕಣ್ಣುಗಳನ್ನು ಒಂದೊಂದಾಗಿ ನೋಡಿದಳು. "ಗದ್ದೆ ಔಷಧಿ ಹೊಟ್ಟೆಗೆ ಹೋಗಿದ್ರೆ ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗ್ತಿತ್ತು. ಬಾಯಲ್ಲಿ ಜೊಲ್ಲು ಸುರೀತಿತ್ತು. ಇದು ಅದೂ ಅಲ್ಲ ಸಾರ್."

ಬೀಪಿ ಪಟ್ಟಿ ಸುತ್ತಿ ನೋಡುತ್ತಾ ಹೋದಳು. ಮಟನ್ ತುಂಡು ತಿಂದವರೆಲ್ಲರದೂ ಇಳಿದಿತ್ತು. ಬೀಪಿ ಇಳಿದರೆ ಹೃದಯ ಗಾಬರಿಬಿದ್ದು ಓಡಬೇಕು. ಇಲ್ಲಿ ಒಬ್ಬೊಬ್ಬರ ನಾಡಿಯೂ ಕಬ್ಬಿನ ಗಾಡಿಯಂತೆ ನಿಧಾನ. ಹೃದಯವನ್ನು ಹೀಗೆ ಲಗಾಮು ಹಾಕಿ ಹಿಡಿಯುವ ಮಾತ್ರೆಯೊಂದು ಅವಳಿಗೆ ಗೊತ್ತಿತ್ತು. ವಾರವಾರ ಅದೇ ಮಾತ್ರೆಯ ಬಗ್ಗೆ ಈ ಜಗಲಿಯ ಮೇಲೆಯೇ ಬೋಧನೆ ಮಾಡಿದ್ದಳು.

ಅವಳು ಮೆಲ್ಲನೆ ಮಾದಯ್ಯನ ಕಡೆ ತಿರುಗಿದಳು.

*

"ತಾತ, ಕೈ ಕೊಡಿ."

"ನಂಗೇನಾಗದೆ? ನಾನು ತುಂಡೇ ಮುಟ್ಟಿಲ್ಲ. ಇವಳು ಎದುರ್ಗೆ ಕೂತು ಸೊಪ್ಪಿನ ಸಾರು ಉಣ್ಸವ್ಳೆ."

ಇವಳು ಎಂದರೆ ಹೆಂಡತಿ ಚಿಕ್ಕಬೋರಮ್ಮ. ಅಕ್ಸಾ ಬೀಪಿ ನೋಡಿದಳು. ನೂರತೊಂಬತ್ತು! ನಾಡಿಯೂ ನಾಗಾಲೋಟ.

"ಮಾತ್ರೆ ತಗೋತಿದ್ದೀರಾ?"

"ಒಂದಿನಾನೂ ತಪ್ಸಿಲ್ಲ. ಇವಳ್ನೇ ಕೇಳು."

"ನಾನೇ ಅಂಗೈಗೆ ಆಕ್ತೀನಿ ಕಣವ್ವ," ಎಂದಳು ಚಿಕ್ಕಬೋರಮ್ಮ. "ಬೀಪಿದೊಂದು, ಕೊಬ್ಬಿಂದೊಂದು. ಬಾಯ್ಗೆ ಎಸ್ಕೊಂಡು ನೀರು ಕುಡಿಯಕ್ಕೆ ಇತ್ಲಿಗೆ ಓಯ್ತಾರೆ."

"ಹಿತ್ತಲಿಗ್ಯಾಕೆ? ನೀರು ಇಲ್ಲೇ ಇರುತ್ತಲ್ಲ ಅಜ್ಜಿ?"

ಚಿಕ್ಕಬೋರಮ್ಮ ಗಂಡನನ್ನು ದುರುಗುಟ್ಟಿ ನೋಡಿದಳು. ಇಷ್ಟು ದಿನ ಈ ಪ್ರಶ್ನೆ ಅವಳಿಗೆ ಹೊಳೆದೇ ಇರಲಿಲ್ಲ.

"ಇವತ್ತು ಪಾತ್ರೆ ಹತ್ರ ಯಾರ್ಯಾರು ಬಂದ್ರು?"

"ನಾನೊಬ್ಳೇ. ಬಾಳೆಲೆ ತೊಳ್ಯಕ್ಕೆ ಓದಾಗ ಇವ್ರು ನೋಡ್ಕೊಂಡ್ರು. ಮದುವೆ ಆದಾಗಿಂದ ಒಲೆ ಕಡೆ ತಲೆ ಆಕ್ದೋರಲ್ಲ, ಇವತ್ತು ಅದೇನು ಪಿರೀತಿನೋ. ಬೆಳಿಗ್ಗೆಯಿಂದ್ಲೂ ಅಷ್ಟೆ, ಆ ಕುಟ್ಟಾಣಿ ಕುಟ್ಟಿದ್ದೇ ಕುಟ್ಟಿದ್ದು. ನಂಗೆ ತಲೆನೋವು ಬಂತು."

ಮಾದಯ್ಯನಿಗೆ ಹಲ್ಲಿಲ್ಲ. ಎಲೆ ಅಡಿಕೆಯನ್ನು ಪುಟ್ಟ ಹಿತ್ತಾಳೆ ಕುಟ್ಟಾಣಿಯಲ್ಲಿ ಕುಟ್ಟಿಯೇ ಹಾಕಿಕೊಳ್ಳುವುದು. ದಿನವಿಡೀ ಅವನ ತುಟಿ ಕೆಂಪಗಿರುತ್ತಿತ್ತು. ಅಕ್ಸಾ ಈಗ ಆ ತುಟಿಗಳನ್ನು ನೋಡಿದಳು. ಬೆಳಿಗ್ಗೆಯಿಂದ ಕುಟ್ಟಿದವನ ತುಟಿ ಬೆಳ್ಳಗೆ ಒಣಗಿತ್ತು.

"ತಾತ, ನಂಗೂ ಒಂದೆಲೆ ಕುಟ್ಟಿಕೊಡ್ತೀರಾ?"

ಮಾದಯ್ಯ ಸೊಂಟದ ಚೀಲವನ್ನು ಎರಡೂ ಕೈಯಲ್ಲಿ ಅವುಚಿಕೊಂಡ. "ಎಲೆ ಮುಗ್ದೋಗದೆ."

"ಎಲೆ ನಾನು ತರಿಸ್ತೀನಿ. ಕುಟ್ಟಾಣಿ ಕೊಡ್ರಿ ಗೌಡ್ರೆ," ಎಂದು ಜಯಪ್ರಕಾಶ್ ಕೈ ಚಾಚಿದರು.

ಬೋರಲು ಹಾಕಿದರೆ ಉದುರಿದ್ದು ಬಿಳಿ ಪುಡಿ.

"ಸುಣ್ಣ ಕಣ್ರಪ್ಪ!"

"ಸುಣ್ಣಕ್ಕೆ ಮಧ್ಯ ಗೆರೆ ಇರುತ್ತಾ ತಾತ?" ಅಕ್ಸಾ ಪುಡಿಯ ನಡುವಿನಿಂದ ಅರ್ಧಂಬರ್ಧ ಪುಡಿಯಾದ ಮಾತ್ರೆಯೊಂದನ್ನು ಎತ್ತಿ ಹಿಡಿದಳು.

*

ಮಾದಯ್ಯ ಚೀಲ ಕೆಳಗಿಟ್ಟು ಕೂತ.

"ನೀನೇ ಏಳಿದ್ದೆ ಕಣವ್ವ, ಕೊಬ್ಬು ತಿನ್ಬ್ಯಾಡಿ, ಈ ಮಾತ್ರೆ ಕೊಬ್ಬು ಇಳಿಸ್ತದೆ ಅಂತ. ಒಟ್ಟೆಗೆ ಓದ್ಮೇಲೆ ಇಳಿಸೋದ್ಯಾಕೆ, ಪಾತ್ರೆಲೇ ಇಳಿಸ್ಬುಟ್ರೆ ದೈರ್ಯವಾಗಿ ತಿನ್ಬೋದಲ್ಲ? ತುಂಡು ಮೆತ್ತಗಾಗಕ್ಕೆ ಪರಂಗಿಕಾಯಿ ಆಕಲ್ವಾ? ಅಂಗೇ ಅಂದ್ಕೊಂಡೆ. ಈ ಬಾಡೂಟಕ್ಕೇಂತ ಮೂರ್ತಿಂಗ್ಳಿಂದ ಕೂಡಿಟ್ಟಿದ್ದೆ. ಎರಡೂ ಬೆಳ್ಳಗವೆ, ಯಾವ್ದು ಯಾವ್ದೋ ಗೊತ್ತಾಗ್ನಿಲ್ಲ. ಎಲ್ಲಾ ಕುಟ್ಟಿ ಆಕ್ಬುಟ್ಟೆ."

ಅಕ್ಸಾ ಹಣೆ ಚಚ್ಚಿಕೊಂಡಳು. ತನ್ನ ಬೋಧನೆ ಹೋಗಿ ಸೇರಿದ್ದು ಮಟನ್ ಪಾತ್ರೆಯನ್ನು.

"ಕೊಲೆಸ್ಟ್ರಾಲ್ ಮಾತ್ರೆ ಪಾತ್ರೆಲಿರೋ ಕೊಬ್ಬನ್ನ ಮುಟ್ಟೋದೂ ಇಲ್ಲ ತಾತ. ಅದು ಮೈಯೊಳಗೆ ಲಿವರ್‌ಗೆ ಹೇಳೋ ಬುದ್ಧಿ, ನೀನು ಕೊಲೆಸ್ಟ್ರಾಲ್ ಮಾಡೋದು ಕಮ್ಮಿ ಮಾಡು ಅಂತ. ಇವ್ರನ್ನೆಲ್ಲ ಮಲಗಿಸಿದ್ದು ಬೀಪಿ ಮಾತ್ರೆ. ಅದಕ್ಕೇ ತಿಂದೋರ ಬೀಪಿ, ನಾಡಿ ಎರಡೂ ಇಳಿದ್ವು. ನೀವು ಮಾತ್ರೆನೂ ನುಂಗಿಲ್ಲ, ಮಟನ್ ಸಾರೂ ಉಂಡಿಲ್ಲ. ನಿಮ್ಮದು ಏರ್ತು. ಯಾರಾದ್ರೂ ಸತ್ತೋಗಿದ್ರೆ? ಅದೂ ಇರ್ಲಿ, ನೀವು ಮಾಡಿದ್ದು ಗೊತ್ತಿದ್ದೂ ನಮ್ಮಬ್ಬಾನ ಹೆಸರು ಕೂಗಿದ್ರಲ್ಲ ತಾತ. ಅದು ಯಾವ ನ್ಯಾಯ?"

ಮಾದಯ್ಯ ತಲೆ ತಗ್ಗಿಸಿದ. "ಎದ್ರುಕೊಂಡ್ಬುಟ್ಟೆ ಕಣವ್ವ."

ಅಷ್ಟರಲ್ಲಿ ಆಂಬುಲೆನ್ಸಿನ ಜೊತೆ ಆರೋಗ್ಯ ಕೇಂದ್ರದ ಡಾಕ್ಟರ್ ಅಮೃತ ಬಂದರು. ಬಿದ್ದವರನ್ನೆಲ್ಲ ಪರೀಕ್ಷಿಸಿದರು. ಜೀವಕ್ಕೆ ಭಯವಿಲ್ಲ, ಆದರೂ ರಾತ್ರಿ ಆಸ್ಪತ್ರೆಯಲ್ಲೇ ಇರಲಿ ಎಂದರು. ಮಾದಯ್ಯನಿಗೆ ಈಗಲೇ ಒಂದು ಬೀಪಿ ಮಾತ್ರೆ ಕೊಡಲು ಹೇಳಿದರು. ಜಯಪ್ರಕಾಶ್ ಪಾತ್ರೆಗೆ ಸೀಲು ಹಾಕಿಸುತ್ತಾ ಒಂದು ನಿಟ್ಟುಸಿರು ಬಿಟ್ಟರು.

ಅಕ್ಸಾ ಎಲ್ಲರೆದುರು ಮಾದಯ್ಯನ ಅಂಗೈಗೆ ಮಾತ್ರೆ ಹಾಕಿ ಲೋಟ ನೀರು ಕೊಟ್ಟಳು. ಅವನು ನುಂಗಿದ.

"ಬಾಯಿ ತೆಗೀರಿ. ನಾಲಿಗೆ ಎತ್ತಿ."

ಎತ್ತಿದ.

"ಈಗ ಅದೇ ಬಾಯಲ್ಲಿ ಮದ್ದೂರಲ್ಲಿ ಗೊತ್ತಿರೋರಿಗೆಲ್ಲ ಫೋನ್ ಮಾಡಿ. ತಪ್ಪು ನಂದು, ಮಕ್ಸೂದನ ಮಟನ್ ಚೆನ್ನಾಗಿತ್ತು ಅಂತ ಹೇಳಿ."

ಮಾದಯ್ಯ ಮೊಬೈಲು ಹಿಡಿದು ಮಕ್ಸೂದನ ಮುಖ ನೋಡಿದ. ಮಾದಯ್ಯನ ಕಣ್ಣು ತುಂಬಿ ಬಂತು.

"ತಪ್ಪು ನಂದು ಅಂತ ಊರಿಗೆಲ್ಲ ಏಳ್ತೀನಿ ಮಕ್ಸೂದ. ಆದ್ರೆ ಚೆನ್ನಾಗಿತ್ತು ಅಂತ ಎಂಗಪ್ಪಾ ಏಳ್ಲಿ? ಒಂದು ತುಂಡೂ ಬಾಯ್ಗೆ ಬೀಳ್ನಿಲ್ವಲ್ಲ!"

ಆಂಬುಲೆನ್ಸಿನ ಸ್ಟ್ರೆಚರ್ ಮೇಲಿಂದ ದೊಡ್ಡಸಿದ್ದಯ್ಯ ಕೈ ಚಾಚಿದ.

"ಕೊಡ್ಲಾ ಇಲ್ಲಿ ಫೋನು. ಅದ್ನ ನಾನೇಳ್ತೀನಿ."