ಮರಳು ಕರಗಿಸುವ ಆಸಿಡ್

ಕೊಟ್ರಪ್ಪನ ತೊಡೆಯ ಮೇಲಿನ ಸುಟ್ಟ ಗಾಯ ಎರಡು ಅಂಗೈಯಷ್ಟು ಅಗಲವಿತ್ತು, ಅಷ್ಟೇ. ಬೆಳಿಗ್ಗೆ ಮಾತಾಡುತ್ತಲೇ ಆಸ್ಪತ್ರೆ ಸೇರಿದವನು ಸಂಜೆಗೆ ಹೃದಯ ನಿಂತು ಸತ್ತ.

ಇಷ್ಟಕ್ಕೆ ಯಾರಾದರೂ ಸಾಯುತ್ತಾರೆಯೇ? ಸಬ್ ಇನ್‌ಸ್ಪೆಕ್ಟರ್ ವನಜಾ ಅವನು ಕೆಲಸ ಮಾಡುತ್ತಿದ್ದ ಪೀಣ್ಯದ ಕಾರ್ಖಾನೆಗೆ ಬಂದಳು. ಸಮುದ್ರದ ತಳದ ಹಳೇ ಎಣ್ಣೆಬಾವಿಗಳು ಕಟ್ಟಿಕೊಂಡಾಗ, ಮತ್ತೆ ಎಣ್ಣೆ ಹರಿಸಲು ಅಲ್ಲಿಂದ ಆಸಿಡ್ ಬೆರೆಸಿ ಕಳಿಸುತ್ತಿದ್ದರು.

"ಮಾಮೂಲಿ ಹೈಡ್ರೋಕ್ಲೋರಿಕ್ ಮೇಡಂ," ಎಂದ ಮ್ಯಾನೇಜರ್ ಶ್ರೀಧರ್. "ನಾನೇ ಕಾರಲ್ಲಿ ಕರ್ಕೊಂಡು ಹೋಗಿ ಆಸ್ಪತ್ರೆಗೆ ಸೇರಿಸ್ದೆ. ಅವನ ಜೊತೆಗಾರ ಸಂಗಣ್ಣನ್ನ ವಿಚಾರಿಸಿ. ಬೆಳಿಗ್ಗೆ ಇಬ್ರೂ ಜಗಳ ಆಡ್ತಿದ್ರು."

ಸಂಗಣ್ಣ ಅಳುತ್ತಿದ್ದ. "ಜಗಳಾ ಆಡಿದ್ದು ಖರೇರಿ. ಗ್ಲೌಸ್ ಹರದಾವು, ಡ್ರಮ್ ಮುಟ್ಟಬ್ಯಾಡ ಅಂದೆ. ಕೇಳಲಿಲ್ಲ. ಪೈಪ್ ಕಳಚಿ ಆಸಿಡ್ ಮೈಮ್ಯಾಲೆ ಹಾರಿತು."

* * *

ಆಸ್ಪತ್ರೆಯಲ್ಲಿ ಕೊಟ್ರಪ್ಪನ ಹೆಂಡತಿ ರುಕ್ಮವ್ವ ಗಂಡನ ವಾಚು ಹಿಡಿದು ಕೂತಿದ್ದಳು.

"ಹೊಸಾ ವಾಚ್ರಿ. ಗಾಜು ಯಾಕ ಹಿಂಗ ಮಬ್ಬಾತು?"

ವನಜಾ ಬೆರಳಾಡಿಸಿದಳು. ಒರೆಸಿದರೂ ಹೋಗದ ಮಬ್ಬು. ಗಾಜು ತರಿತರಿಯಾಗಿತ್ತು. ಡಾಕ್ಟರಿಗೆ ತೋರಿಸಿದಳು. ಅವರು ಗಾಜನ್ನು ಬೆಳಕಿಗೆ ಹಿಡಿದು ನೋಡಿದರು.

"ಹೈಡ್ರೋಕ್ಲೋರಿಕ್ ಗಾಜನ್ನ ಏನೂ ಮಾಡಲ್ಲ. ಇದು ಹೈಡ್ರೋಫ್ಲೋರಿಕ್! ಮೈಯೊಳಗಿನ ಕ್ಯಾಲ್ಸಿಯಂ ಹೀರಿ ಹೃದಯ ನಿಲ್ಲಿಸಿಬಿಡುತ್ತೆ. ಯಾವ ಆಸಿಡ್ ಅಂತ ಆ ಮ್ಯಾನೇಜರ್‌ನ ಎರಡು ಸಲ ಕೇಳಿದ್ದೆ ಕಣ್ರೀ! ಎರಡು ಸಲಾನೂ ಹೈಡ್ರೋಕ್ಲೋರಿಕ್ ಅಂದ. ನಿಜ ಹೇಳಿದ್ರೆ ತಕ್ಷಣ ಕ್ಯಾಲ್ಸಿಯಂ ಕೊಡ್ತಿದ್ದೆ."

* * *

ವನಜಾ ಶ್ರೀಧರನ ಎದುರೇ ಕಾರ್ಖಾನೆಯ ಡ್ರಮ್ಮಿನ ಮೇಲಿನ ಹೊಸ ಲೇಬಲ್ ಕಿತ್ತಳು. ಕೆಳಗೆ ಹಳೆಯದಿತ್ತು: ಹೈಡ್ರೋಫ್ಲೋರಿಕ್.

"ಬಾವಿಲಿ ಕಟ್ಟಿಕೊಂಡ ಮರಳು ಕರಗಿಸೋಕೆ ಇದು ಬೇಕು. ಗಾಜೂ ಮರಳಿಂದಲೇ ಆಗೋದು, ಅದಕ್ಕೇ ವಾಚಿನ ಗಾಜನ್ನೂ ತಿಂತು. ಕೆಲಸದೋರಿಗೆ ಗೊತ್ತಾಗಬಾರದು ಅಂತ ಲೇಬಲ್ ಬದಲಾಯಿಸಿದ್ರಿ. ಸರಿ. ಡಾಕ್ಟರ್ ಹತ್ರನೂ ಯಾಕೆ ಸುಳ್ಳು ಹೇಳಿದ್ರಿ?"

"ಇದನ್ನ ಇಟ್ಕೊಳ್ಳೋಕೆ ಲೈಸೆನ್ಸ್ ಇರಲಿಲ್ಲ ಮೇಡಂ. ಹೇಳಿದ್ರೆ ಫ್ಯಾಕ್ಟರಿ ಮುಚ್ಚಿಸ್ತಿದ್ರು."

"ಪಕ್ಕದಲ್ಲೇ ಕೂತಿದ್ದನಲ್ಲೋ ಕೊಟ್ರಪ್ಪ, ಕಾರಲ್ಲಿ! ನಿನ್ನನ್ನ ನಂಬ್ಕೊಂಡು!"

* * *

ಠಾಣೆಯಲ್ಲಿ ರುಕ್ಮವ್ವ ಶ್ರೀಧರನ ಎದುರು ಬಂದು ನಿಂತಳು. "ನನ್ನ ಗಂಡನ್ನ ಕೊಂದದ್ದು ಯಾವ ಆಸಿಡ್ರಿ? ನೀವ ಹೇಳ್ರಿ."

ಅವನು ಬಾಗಿಲ ಕಡೆ ತಿರುಗಿದ.

"ಹೇಳೋ!" ವನಜಾ ಗುಡುಗಿದಳು.

"ಹೈಡ್ರೋಫ್ಲೋರಿಕ್."

"ಇಷ್ಟ ಏನು?" ಎಂದಳು ರುಕ್ಮವ್ವ. "ಇದೊಂದು ಮಾತು ಆಡಾಕ ಆಗಲಿಲ್ಲ ನಿಮಗ?"