ಪಾಳಿ ಬದಲಾಗುವ ಹತ್ತು ನಿಮಿಷ

ವಾರ್ಡಿನಲ್ಲಿ ಎಲ್ಲರೂ ಅವನನ್ನು ‘ಬ್ರದರ್’ ಎನ್ನುತ್ತಿದ್ದರು. ಗಂಡು ನರ್ಸುಗಳನ್ನು ಹಾಗೆ ಕರೆಯುವುದು ರೂಢಿ. ನಾನೊಬ್ಬಳು ಮಾತ್ರ ಅಪ್ಪಿತಪ್ಪಿಯೂ ಕರೆಯಲಿಲ್ಲ. ‘ರೀ’, ‘ಇಲ್ನೋಡಿ’, ‘ಕೇಳಿಸ್ತಾ’ ಎಂದೇ ಎರಡು ವರ್ಷ ತಳ್ಳಿದ್ದೆ.

ಮಧ್ಯಾಹ್ನ ಎರಡಕ್ಕೆ ನನ್ನ ಪಾಳಿ ಮುಗಿಯುತ್ತಿತ್ತು, ಅವನದು ಶುರು. ಯಾರಿಗೆ ಏನು ಕೊಟ್ಟಾಗಿದೆ, ಏನು ಬಾಕಿ ಎಂದು ಬೆಡ್ಡಿನಿಂದ ಬೆಡ್ಡಿಗೆ ನಡೆದು ನಾನು ಹೇಳಬೇಕು, ಅವನು ಬರೆದುಕೊಳ್ಳಬೇಕು. ಹತ್ತೇ ನಿಮಿಷ. ಬರೆಯುತ್ತ ಬರೆಯುತ್ತ ರೆಪ್ಪೆಯೆತ್ತಿ ನನ್ನನ್ನೊಮ್ಮೆ ನೋಡುತ್ತಿದ್ದ. ರೋಗಿಯ ಬಿಪಿ ಎಷ್ಟೆಂದು ನನಗೆ ಮರೆತೇಹೋಗುತ್ತಿತ್ತು. ಏಳನೇ ಬೆಡ್ಡಿನ ಅಜ್ಜಿ ಹೊದಿಕೆಯೊಳಗೇ ನಗುತ್ತಿದ್ದಳು.

ಆಮೇಲೆ ಇದನ್ನೆಲ್ಲ ದಾಖಲಿಸಲು ವಾರ್ಡಿಗೆ ಟ್ಯಾಬ್ ಬಂತು. ನಮಗೆಲ್ಲ ಕಲಿಸಲು ನಿಂತವನೂ ಅವನೇ.

“ಇನ್ಮೇಲೆ ಓಡಾಡೋದೇ ಬೇಡ. ಕೊಟ್ಟ ತಕ್ಷಣ ಇಲ್ಲಿ ಒತ್ತಿಬಿಡಿ, ನಾನು ಬಂದು ಓದ್ಕೋತೀನಿ.”

“ಅಂದ್ರೆ ನಾನು ಇರೋದೇ ಬೇಡ?”

“ಬೇಗ ಮನೆಗೆ ಹೋಗಬಹುದಲ್ಲ.”

ಮೈಯೆಲ್ಲ ಉರಿಯಿತು. ಬೇಗ ಮನೆಗೆ ಹೋಗುವ ಆಸೆ ಯಾರಿಗಿತ್ತು? ಕಣ್ಣು ನೋಯುತ್ತೆ, ಕೈ ಒದ್ದೆ ಎಂದು ನೆಪ ಹೇಳಿದೆ. ‘ಹಳೇ ಕಾಲದವಳು’ ಎಂಬ ಹೆಸರು ಬಂತು. ಬರಲಿ ಬಿಡು ಎಂದುಕೊಂಡು, ದಿನಾ ಒಂದೆರಡು ಸಂಗತಿ ಬೇಕೆಂದೇ ಒತ್ತದೆ ಬಿಟ್ಟು, ಬಾಯಲ್ಲಿ ಹೇಳಲು ಕಾಯುತ್ತಿದ್ದೆ.

ಆ ದಿನ ಬಿಟ್ಟದ್ದು ಅಜ್ಜಿಯ ಇನ್ಸುಲಿನ್. ಸ್ಕ್ಯಾನ್ ಮುಗಿಸಿ ತಡವಾಗಿ ಬಂದವಳಿಗೆ ಎರಡು ಗಂಟೆಗೆ ಸ್ವಲ್ಪ ಮುಂಚೆ ಚುಚ್ಚಿದ್ದೆ. ಅಷ್ಟರಲ್ಲಿ ಮೇಟ್ರನ್ ಕರೆಸಿದರು. “ಟ್ಯಾಬಲ್ಲಿ ನಿಮ್ದು ಮಾತ್ರ ಯಾಕೆ ಅರ್ಧಂಬರ್ಧ?” ಎಂದು ಅವರು ಬೈಯುತ್ತಿದ್ದಾಗಲೇ, ಅತ್ತ ವಾರ್ಡಿನಲ್ಲಿ ಅವನು ಖಾಲಿ ಜಾಗ ನೋಡಿ ಅಜ್ಜಿಗೆ ಮತ್ತೊಮ್ಮೆ ಇನ್ಸುಲಿನ್ ಕೊಟ್ಟಿದ್ದ.

ಅರ್ಧ ಗಂಟೆಯ ಮೇಲೆ ವಾರ್ಡಿನಿಂದ ಕರೆ ಬಂದು ನಾನು ಓಡಿಬಂದಾಗ ಅಜ್ಜಿ ಬೆವೆತು ತೊಪ್ಪೆಯಾಗಿದ್ದಳು, ಮಾತು ತೊದಲುತ್ತಿತ್ತು. ಅವನು ಗ್ಲೂಕೋಸ್ ಏರಿಸುತ್ತಿದ್ದ. ಅಜ್ಜಿ ಸುಧಾರಿಸಿಕೊಳ್ಳಲು ಒಂದು ಗಂಟೆ ಹಿಡಿಯಿತು.

“ನಾನು ಕೇಳಬೇಕಿತ್ತು. ತಪ್ಪು ನಂದು,” ಎಂದು ಅವನು ಮೇಟ್ರನ್‌ಗೆ ಹೇಳಿದ.

“ಅಲ್ಲ ಮೇಡಂ. ನಾನೇ ಬೇಕಂತ ಒತ್ತದೆ ಬಿಟ್ಟಿದ್ದೆ,” ಎಂದೆ.

ಸೋಮವಾರ ವಿಚಾರಣೆ, ಅಲ್ಲಿಯವರೆಗೆ ಇಬ್ಬರೂ ಬರುವುದು ಬೇಡ, ಇವತ್ತಿನದ್ದೆಲ್ಲ ಟ್ಯಾಬಿಗೆ ತುಂಬಿಸಿಟ್ಟು ಹೋಗಿ ಎಂದರು.

ನರ್ಸುಗಳ ಕೋಣೆಯಲ್ಲಿ ಅವನು ಬಾಗಿಲಿಗೊರಗಿ ನಿಂತ. “ಬೇಕಂತ ಅಂದ್ರೆ ಏನು? ಅಜ್ಜಿ ಹೋಗಿಬಿಟ್ಟಿದ್ರೆ?”

ದನಿಯಲ್ಲಿ ಸಿಟ್ಟಿತ್ತು. ಆ ಸಿಟ್ಟು ನ್ಯಾಯವಾದದ್ದೇ.

“ಎಲ್ಲ ಅದ್ರಲ್ಲೇ ಹಾಕಿಬಿಟ್ರೆ, ನಿಮ್ಮ ಹತ್ರ ಹೇಳೋಕೆ ನಂಗೆ ಏನೂ ಉಳೀತಿರಲಿಲ್ಲ.”

ಅವನು ಟ್ಯಾಬನ್ನು ನನ್ನ ಮುಂದಿಟ್ಟ. ಎರಡು ಇನ್ಸುಲಿನ್, ಕೊಟ್ಟ ಸಮಯ, ನನ್ನ ತಪ್ಪು, ಒಂದೂ ಬಿಡದೆ ಬರೆದೆ. ಕಣ್ಣೀರು ಬಿದ್ದ ಕಡೆ ಅಕ್ಷರವೇ ಮೂಡುತ್ತಿರಲಿಲ್ಲ. ಅವನು ತೋಳಿನಿಂದ ಒರೆಸಿ ಒರೆಸಿ ಕೊಟ್ಟ.

“ಮುಗೀತಾ?”

“ಮುಗೀತು. ಹೇಳೋಕೆ ಇನ್ನೇನೂ ಇಲ್ಲ.”

ಅವನು ಟ್ಯಾಬ್ ಆರಿಸಿ, ಸ್ಟೂಲ್ ಎಳೆದುಕೊಂಡು ನನ್ನೆದುರು ಕೂತ.

“ಅಜ್ಜಿದು ಮುಗೀತು. ಇನ್ನು ನಿಮ್ದು ಹೇಳಿ. ಬರ್ಕೊಳ್ಳಲ್ಲ, ಕೇಳ್ತೀನಿ.”